ವಿದೇಶದ ವಾರಾಂತ್ಯ ಪ್ರವಾಸ: ದುಂದುವೆಚ್ಚವೋ, ವ್ಯಾಪಾರದ ಪಾಠವೋ?

ಹಾಸನ ಜಿಲ್ಲೆಯ ವರ್ತಕರು ಹಾಗೂ ಸಣ್ಣ ಕೈಗಾರಿಕೋದ್ಯಮಿಗಳ ಮಕ್ಕಳು ಉನ್ನತ ವ್ಯಾಸಂಗಕ್ಕಾಗಿ ವಿದೇಶಕ್ಕೆ ತೆರಳುವುದು ಇಂದು ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು ಪಟ್ಟಣಗಳಲ್ಲಷ್ಟೇ ಅಲ್ಲ, ಕಟ್ಟಾಯದಂತಹ ಹೋಬಳಿ ಕೇಂದ್ರದಲ್ಲಿಯೂ ಜರ್ಮನಿ, ಬ್ರಿಟನ್ ಎಂಬ ಹೆಸರುಗಳು ಮನೆಮಾತಾಗಿವೆ. ಬ್ಯಾಂಕಿನಲ್ಲಿ ಸಾಲ ಮಾಡಿ, ಕೆಲವೊಮ್ಮೆ ಜಮೀನಿನ ಪತ್ರವನ್ನು ಅಡವಿಟ್ಟು ಮಗನನ್ನೋ ಮಗಳನ್ನೋ ಕಳುಹಿಸಿದ ತಂದೆಗೆ, ಅವರು ಸ್ನೇಹಿತರೊಡನೆ ಶನಿವಾರ, ಭಾನುವಾರ ಊರೂರು ಸುತ್ತುತ್ತಿರುವ ಛಾಯಾಚಿತ್ರಗಳು ಮೊಬೈಲಿನಲ್ಲಿ ಕಂಡಾಗ ಮನಸ್ಸು ಕಸಿವಿಸಿಗೊಳ್ಳುವುದು ಸಹಜ. ಓದಲು ಹೋದವರಿಗೆ ಈ ತಿರುಗಾಟವೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದಕ್ಕೆ ಉತ್ತರವನ್ನು ಕೋಪದಿಂದಲ್ಲ, ಲೆಕ್ಕದಿಂದ ಕಂಡುಕೊಳ್ಳಬೇಕು.

ಮೊದಲು ಖರ್ಚಿನ ಬಾಬನ್ನು ನೋಡೋಣ. ಜರ್ಮನಿಗೆ ತೆರಳುವ ವಿದ್ಯಾರ್ಥಿಯು ಜೀವನ ನಿರ್ವಹಣೆಗೆಂದು ಒಂದು ವರ್ಷದ ಹಣವನ್ನು ವಿಶೇಷ ಖಾತೆಯಲ್ಲಿ ಮುಂಗಡವಾಗಿ ಇಟ್ಟು ತೋರಿಸುವುದು ವಾಡಿಕೆ. 2024ರ ಸೆಪ್ಟೆಂಬರ್‌ನಲ್ಲಿ ಈ ಮೊತ್ತವು 11,904 ಯೂರೋಗಳಿಗೆ, ಅಂದರೆ ತಿಂಗಳಿಗೆ 992 ಯೂರೋಗಳಿಗೆ ಏರಿತು. ಬಾಡಿಗೆ, ಊಟ, ವಿಮೆ ಎಲ್ಲವೂ ಅದರಲ್ಲಿಯೇ ಆಗಬೇಕು. ಇದಲ್ಲದೆ ಪ್ರವಾಸಕ್ಕೆ ಕಣ್ಣಿಗೆ ಕಾಣದ ಇನ್ನೊಂದು ವೆಚ್ಚವೂ ಉಂಟು. ಆ ದೇಶದಲ್ಲಿ 2025ರ ಕನಿಷ್ಠ ವೇತನ ಗಂಟೆಗೆ 12.82 ಯೂರೋ ಇತ್ತು. ಎಂಟು ಗಂಟೆ ದುಡಿಯಬಹುದಾಗಿದ್ದ ಒಂದು ಶನಿವಾರವನ್ನು ಸುತ್ತಾಟಕ್ಕೆ ಕೊಟ್ಟರೆ ನೂರು ಯೂರೋ ಮೀರಿದ ಸಂಪಾದನೆ ಕೈತಪ್ಪಿತೆಂದೇ ಅರ್ಥ. ಅಂಗಡಿಗೆ ರಜೆ ಕೊಟ್ಟು ಜಾತ್ರೆಗೆ ಹೋಗುವ ವ್ಯಾಪಾರಿಗೆ ಈ ಲೆಕ್ಕವನ್ನು ವಿವರಿಸಬೇಕಾಗಿಲ್ಲ.

ಆದರೆ ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. 2024ರ ಮಾರ್ಚ್‌ನಿಂದ ಜಾರಿಗೆ ಬಂದ ನಿಯಮದಂತೆ ಅಲ್ಲಿನ ವಿದೇಶಿ ವಿದ್ಯಾರ್ಥಿಯು ವರ್ಷಕ್ಕೆ 140 ಪೂರ್ಣ ದಿನಗಳು ಮಾತ್ರ ದುಡಿಯಬಹುದು. ಅರ್ಧ ದಿನಗಳಾದರೆ 280. ಆ ದಿನಗಳಲ್ಲಿ ಹೆಚ್ಚಿನವನ್ನು ರಜಾಕಾಲದಲ್ಲಿ ಬಳಸಿಕೊಳ್ಳುವವನಿಗೆ ವಾರಾಂತ್ಯಗಳು ಹೇಗಿದ್ದರೂ ಬಿಡುವಾಗಿಯೇ ಉಳಿಯುತ್ತವೆ. ಆ ಬಿಡುವಿನಲ್ಲಿ ಆತ ಏನನ್ನು ಕಲಿಯುತ್ತಾನೆ ಎಂಬುದೇ ಮುಖ್ಯ ಪ್ರಶ್ನೆ.

ಐವರು ವಿದ್ಯಾರ್ಥಿಗಳು ಕೂಡಿ ರೈಲು ಹತ್ತುವ ಆ ಪ್ರವಾಸವೇ ವ್ಯಾಪಾರದ ಒಂದು ಪಾಠ. 1995ರಲ್ಲಿ ಜರ್ಮನ್ ರೈಲ್ವೆಯು ವಾರಾಂತ್ಯಕ್ಕೆಂದೇ ಒಂದು ಚೀಟಿಯನ್ನು ಹೊರತಂದಿತು. ಕೇವಲ 15 ಮಾರ್ಕ್‌ಗಳಿಗೆ ಐದು ಮಂದಿ ದೇಶದ ಯಾವುದೇ ನಿಧಾನಗತಿಯ ರೈಲಿನಲ್ಲಿ ಸಂಚರಿಸಬಹುದಿತ್ತು. ತಲೆಗೆ ಬಿದ್ದದ್ದು ಮೂರೇ ಮಾರ್ಕ್. ವಾರದ ದಿನಗಳಲ್ಲಿ ನೌಕರರಿಂದ ತುಂಬಿ, ವಾರಾಂತ್ಯದಲ್ಲಿ ಖಾಲಿ ಓಡುವ ರೈಲಿಗೆ ಡೀಸೆಲ್ಲೂ ಚಾಲಕನ ಸಂಬಳವೂ ತಪ್ಪುವುದಿಲ್ಲ. ಖಾಲಿ ಆಸನದಿಂದ ಬಂದಷ್ಟೂ ಲಾಭವೇ. ಬೇಡಿಕೆ ಹೆಚ್ಚಿದಂತೆ ದರವನ್ನು ಏರಿಸುತ್ತ ಹೋದ ರೈಲ್ವೆಯು 2019ರಲ್ಲಿ ಆ ಚೀಟಿಯನ್ನು ನಿಲ್ಲಿಸಿತು. ಆದರೆ ಬವೇರಿಯಾ ಮೊದಲಾದ ಪ್ರಾಂತಗಳ ಗುಂಪು ಚೀಟಿಗಳಲ್ಲಿ ಅದೇ ತತ್ತ್ವ ಮುಂದುವರಿದಿದೆ. ಮೊದಲನೆಯವನಿಗೆ ಪೂರ್ಣ ದರ, ಆನಂತರ ಸೇರುವ ಪ್ರತಿಯೊಬ್ಬನಿಗೂ ಅಲ್ಪ ಮೊತ್ತ. ಬವೇರಿಯಾದ ಚೀಟಿಯು ಕೆಲಸದ ದಿನಗಳಲ್ಲಿ ಬೆಳಿಗ್ಗೆ ಒಂಬತ್ತರ ನಂತರ ಮಾತ್ರ ಚಲಾವಣೆಯಾದರೆ, ಶನಿವಾರ, ಭಾನುವಾರಗಳಲ್ಲಿ ದಿನವಿಡೀ ಸಲ್ಲುತ್ತದೆ. ಪೂರ್ಣ ದರ ಕೊಡುವ ಗಿರಾಕಿಯನ್ನು ಕಳೆದುಕೊಳ್ಳದೆ ಹೊಸ ಗಿರಾಕಿಯನ್ನು ಸೆಳೆಯುವ ಜಾಣ್ಮೆ ಇದು.

ಪಾಠಗಳು ಇನ್ನೂ ಇವೆ. ಭಾನುವಾರ ಅಲ್ಲಿ ಬಹುತೇಕ ಅಂಗಡಿಗಳು ಕಾನೂನಿನಂತೆ ಮುಚ್ಚಿರುತ್ತವೆ. ಹಾಗಾಗಿ ರೈಲು ನಿಲ್ದಾಣದೊಳಗಿನ ಮಳಿಗೆಗೆ ದುಪ್ಪಟ್ಟು ಬೆಲೆ ಬರುತ್ತದೆ. ಒಮ್ಮೆ ಬಳಸಿ ಬಿಡುವ ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ಠೇವಣಿಯನ್ನು ಮೊದಲೇ ಪಡೆದು, ಖಾಲಿ ಬಾಟಲಿ ಮರಳಿಸಿದಾಗ ಹಿಂದಿರುಗಿಸುತ್ತಾರೆ. ಸೋಡಾ ಬಾಟಲಿಗೆ ಠೇವಣಿ ಪಡೆಯುತ್ತಿದ್ದ ಹಳೆಯ ಅಂಗಡಿಯ ಪದ್ಧತಿಯೇ ಅಲ್ಲಿ ದೇಶವ್ಯಾಪಿ ವ್ಯವಸ್ಥೆಯಾಗಿ ನಿಂತಿದೆ. ತರಗತಿಯಲ್ಲಿ ಸಿಗದ ಈ ತಿಳಿವಳಿಕೆ ಜೇಬಿನಲ್ಲಿ ಚಿಲ್ಲರೆ ಎಣಿಸಿಕೊಂಡು ತಿರುಗುವವನಿಗೆ ಸಿಗುತ್ತದೆ.

ಹೀಗೆ ನೋಡುವ ಕಣ್ಣು ಈ ಸೀಮೆಗೆ ಹೊಸದಲ್ಲ. ಕಟ್ಟಾಯಕ್ಕೆ ಸಮೀಪದ ಗೊರೂರಿನ ರಾಮಸ್ವಾಮಿ ಅಯ್ಯಂಗಾರ್ಯರು ಅಮೆರಿಕವನ್ನು ಹಳ್ಳಿಯ ಕಣ್ಣಿನಿಂದಲೇ ಕಂಡು ಬರೆದ ‘ಅಮೆರಿಕಾದಲ್ಲಿ ಗೊರೂರು’ ಪ್ರವಾಸ ಕಥನಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಪರದೇಶವನ್ನು ಕಾಣುವಾಗ ಊರನ್ನು ಮರೆಯದಿದ್ದುದೇ ಅದರ ಹಿರಿಮೆ.

ಎಚ್ಚರಿಕೆಯ ಮಾತನ್ನೂ ಆಡಲೇಬೇಕು. 2024ರ ಏಪ್ರಿಲ್‌ನಲ್ಲಿ ಸ್ಕಾಟ್ಲೆಂಡ್‌ನ ಲಿನ್ ಆಫ್ ಟಮೆಲ್ ಎಂಬ ಜಲಪಾತದ ಬಳಿ ಸ್ನೇಹಿತರೊಡನೆ ಹೋಗಿದ್ದ ಇಬ್ಬರು ಭಾರತೀಯ ವಿದ್ಯಾರ್ಥಿಗಳು ನೀರುಪಾಲಾದರು. ಹೇಮಾವತಿಯ ಹಿನ್ನೀರನ್ನು ಬಲ್ಲವರಿಗೆ ಶಾಂತವಾಗಿ ಕಾಣುವ ನೀರಿನ ಅಪಾಯ ಗೊತ್ತು. ಆದರೆ ಅಪರಿಚಿತ ನಾಡಿನ ತಣ್ಣೀರು ಇನ್ನೂ ಕಠಿಣ. ವೀಸಾ ನಿಯಮವನ್ನೂ ಕಡೆಗಣಿಸುವಂತಿಲ್ಲ. ಜರ್ಮನಿಯ ವಾಸ್ತವ್ಯ ಪರವಾನಗಿ ಉಳ್ಳವರು ನೆರೆಯ ಷೆಂಗೆನ್ ದೇಶಗಳಿಗೆ 180 ದಿನಗಳಲ್ಲಿ 90 ದಿನ ಹೋಗಿಬರಬಹುದು. ಬ್ರಿಟನ್ನಿನ ವಿದ್ಯಾರ್ಥಿ ವೀಸಾಕ್ಕೆ ಆ ಸೌಲಭ್ಯವಿಲ್ಲ. ಗುಂಪಿನಲ್ಲಿ ಒಬ್ಬನಿಗೆ ಸಲ್ಲುವುದು ಎಲ್ಲರಿಗೂ ಸಲ್ಲುವುದಿಲ್ಲವೆಂಬುದನ್ನು ಹೊರಡುವ ಮೊದಲೇ ತಿಳಿಯಬೇಕು.

ಆದ್ದರಿಂದ ಪೋಷಕರು ಪ್ರವಾಸವನ್ನು ನಿಷೇಧಿಸುವ ಬದಲು ಅದರ ಲೆಕ್ಕವನ್ನು ಕೇಳುವುದು ಲೇಸು. ಎಷ್ಟು ಖರ್ಚಾಯಿತು, ಐವರ ನಡುವೆ ಹೇಗೆ ಹಂಚಿಕೆಯಾಯಿತು, ಆ ಊರಿನ ಅಂಗಡಿಯವನು ಯಾವುದನ್ನು ಹೇಗೆ ಮಾರುತ್ತಾನೆ ಎಂಬ ಒಂದು ಪುಟದ ವರದಿ ಸಾಕು. ಅದನ್ನು ಬರೆಯಲಾರದ ಪ್ರವಾಸ ನಿಜಕ್ಕೂ ದುಂದುವೆಚ್ಚ.

ಈ ತಿಳಿವಳಿಕೆ ಜಿಲ್ಲೆಗೆ ತುರ್ತಾಗಿ ಬೇಕಾಗಿದೆ. 2017ರಲ್ಲಿ ಶ್ರವಣಬೆಳಗೊಳದ ಮೂಲಕ ಬೆಂಗಳೂರು–ಹಾಸನ ನೇರ ರೈಲುಮಾರ್ಗ ಆರಂಭವಾಯಿತು. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು ದೇವಾಲಯಗಳು ಸೋಮನಾಥಪುರದೊಂದಿಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಗೊರೂರು ಅಣೆಕಟ್ಟೆ, ಹಿನ್ನೀರಿನಲ್ಲಿ ಮುಳುಗಿ ಏಳುವ ಶೆಟ್ಟಿಹಳ್ಳಿಯ ಹಳೆಯ ಚರ್ಚ್ ಕಾಣಲು ವಾರಾಂತ್ಯದಲ್ಲಿ ವಿದ್ಯಾರ್ಥಿಗಳ ಗುಂಪುಗಳು ಬರುತ್ತವೆ. ಛಾಯಾಚಿತ್ರ ತೆಗೆದುಕೊಂಡು, ಒಂದು ಎಳನೀರು ಕುಡಿದು ಮರಳುತ್ತವೆ. ವಸತಿಗೃಹ, ವಾಹನ, ಊಟ ಮೂರನ್ನೂ ಕೂಡಿಸಿ ಐವರಿಗೆ ಒಂದೇ ದರ ನಿಗದಿಪಡಿಸಿದರೆ ಅದೇ ಗುಂಪು ಒಂದು ರಾತ್ರಿ ಉಳಿಯಬಹುದು. ಇದು ಒಬ್ಬ ವರ್ತಕನಿಂದ ಆಗುವ ಕಾರ್ಯವಲ್ಲ. ವಿದೇಶದಿಂದ ಮರಳಿದ ವಿದ್ಯಾರ್ಥಿಗಳನ್ನು ಕರೆಸಿ, ಗುಂಪು ಪ್ರವಾಸಿಗನಾಗಿ ಅವರು ಎಲ್ಲಿ ಹಣ ಬಿಚ್ಚಿದರು, ಎಲ್ಲಿ ಬಿಗಿಹಿಡಿದರು ಎಂಬುದನ್ನು ವಾಣಿಜ್ಯ ಸಂಘಗಳು ಕೇಳಿ ತಿಳಿಯಬೇಕು. ಸಾಲ ಮಾಡಿ ಕಳುಹಿಸಿದ ಮಕ್ಕಳು ಪದವಿಯ ಜೊತೆಗೆ ಆ ಅನುಭವವನ್ನೂ ತಂದರೆ, ಅದರ ಬಡ್ಡಿ ಊರಿಗೇ ಸಲ್ಲುತ್ತದೆ.