ನಿಧಾನವಾಗಿ ನುಡಿಸಿ ಗೆದ್ದವರು

ನಾರ್ವೆ ದೇಶದಲ್ಲಿ ಹೆಚ್ಚು ಮಾರಾಟವಾದ ಸಂಗೀತ ಧ್ವನಿಮುದ್ರಿಕೆಗಳ ಪಟ್ಟಿ ಪ್ರತಿ ವಾರವೂ ಪ್ರಕಟವಾಗುತ್ತದೆ. ಮೊದಲ ಸ್ಥಾನ ಸಾಮಾನ್ಯವಾಗಿ ಯಾರಾದರೊಬ್ಬ ಪಾಪ್ ಗಾಯಕರಿಗೆ ಮೀಸಲು. 2005ರಲ್ಲಿ ಆ ಸ್ಥಾನಕ್ಕೆ ಏರಿದ ಒಂದು ಮುದ್ರಿಕೆಯಲ್ಲಿ ಹಾಡುಗಾರರೇ ಇರಲಿಲ್ಲ. ಕುಣಿಸುವ ತಾಳವೂ ಇರಲಿಲ್ಲ. ಇದ್ದದ್ದು ಒಂದು ಪಿಯಾನೊ, ಒಂದು ಡಬಲ್ ಬೇಸ್, ಒಂದು ಡ್ರಮ್ ಸೆಟ್, ಅಷ್ಟೆ. ಅದೂ ಆತುರವೆಂಬುದೇ ಇಲ್ಲದ ನಡಿಗೆಯಲ್ಲಿ. ಅದರ ಹೆಸರು 'ದಿ ಗ್ರೌಂಡ್'. ಪಿಯಾನೊ ನುಡಿಸಿದವರು, ಸಂಗೀತ ರಚಿಸಿದವರು ಟೋರ್ಡ್ ಗುಸ್ತಾವ್ಸನ್.

ಇವರ ಜೀವನಕ್ರಮ ವಿದ್ಯಾರ್ಥಿಗಳಿಗೂ ಪೋಷಕರಿಗೂ ಒಂದು ಕಾರಣಕ್ಕಾಗಿ ಗಮನಾರ್ಹ. ಇವರು ಮೊದಲು ಓದಿದ್ದು ಸಂಗೀತವನ್ನಲ್ಲ, ಮನಶ್ಶಾಸ್ತ್ರವನ್ನು.

ಚರ್ಚಿನ ಪಿಯಾನೊದಿಂದ ವಿಶ್ವವಿದ್ಯಾಲಯಕ್ಕೆ

ಗುಸ್ತಾವ್ಸನ್ ಹುಟ್ಟಿದ್ದು 1970ರಲ್ಲಿ, ಓಸ್ಲೊ ನಗರದಲ್ಲಿ. ಬೆಳೆದದ್ದು ಅದರ ಉತ್ತರಕ್ಕಿರುವ ಹುರ್ಡಾಲ್ ಎಂಬ ಗ್ರಾಮೀಣ ಪ್ರದೇಶದಲ್ಲಿ. ಎಳವೆಯಲ್ಲೇ ಪಿಯಾನೊ ಕೈಗೆ ಹತ್ತಿತು. ಚರ್ಚಿನ ಪ್ರಾರ್ಥನಾ ಗೀತೆಗಳಿಗೆ, ಗಾಯಕವೃಂದಕ್ಕೆ ನುಡಿಸುತ್ತಾ ಬೆಳೆದರು. ಪ್ರಾರ್ಥನಾ ಗೀತೆಯ ರಾಗ ಸರಳ. ಅದು ಎಲ್ಲರೂ ಸೇರಿ ಹಾಡುವಂಥದ್ದು. ಅಲ್ಲಿ ಪಿಯಾನೊ ವಾದಕ ತನ್ನ ಕೈಚಳಕ ಮೆರೆಯುವಂತಿಲ್ಲ, ಹಾಡುವವರ ಉಸಿರಿಗೆ ಕಿವಿಗೊಟ್ಟು ಅವರಿಗೆ ಆಸರೆಯಾಗಬೇಕು. ಈ ಪಾಠ ಅವರನ್ನು ಕೊನೆಗೂ ಬಿಟ್ಟಿಲ್ಲ.

ಓಸ್ಲೊ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಮತ್ತು ಧರ್ಮಗಳ ಇತಿಹಾಸ ಓದಿ ಪದವಿ ಪಡೆದ ಮೇಲೆ ಟ್ರಾಂಡ್‌ಹೈಮ್‌ನ ಸಂಗೀತ ಶಾಲೆ ಸೇರಿದರು. ಅಲ್ಲಿನ ಜಾಝ್ ವಿಭಾಗ 1979ರಲ್ಲಿ ಆರಂಭವಾದದ್ದು. ಬರೆದ ಸ್ವರಲಿಪಿಗಿಂತ ಕಿವಿಯಿಂದ ಕಲಿಯುವುದಕ್ಕೆ ಹೆಚ್ಚು ಒತ್ತು ಕೊಡುವ ಈ ವಿಭಾಗ ನಾರ್ವೆಯ ಅನೇಕ ಪ್ರಸಿದ್ಧ ವಾದಕರನ್ನು ತಯಾರು ಮಾಡಿದೆ. ಅಲ್ಲಿಂದ ಮತ್ತೆ ಓಸ್ಲೊಗೆ ಬಂದು ಸಂಗೀತಶಾಸ್ತ್ರದಲ್ಲಿ ಪ್ರೌಢ ಪ್ರಬಂಧ ಬರೆದರು.

ಹಾಗಾದರೆ ಮನಶ್ಶಾಸ್ತ್ರಕ್ಕೆ ಕೊಟ್ಟ ವರ್ಷಗಳು ವ್ಯರ್ಥವಾದವೇ? ಇಲ್ಲ ಎನ್ನುವುದಕ್ಕೆ ಆ ಪ್ರಬಂಧವೇ ಸಾಕ್ಷಿ. ಜಾಝ್ ಸಂಗೀತದ ಜೀವಾಳ ಆಶು ವಾದನ, ಅಂದರೆ ಆ ಕ್ಷಣದಲ್ಲೇ ಕಲ್ಪಿಸಿ ನುಡಿಸುವುದು. ನಮ್ಮ ಕಛೇರಿಗಳಲ್ಲಿ ಮನೋಧರ್ಮ ಎನ್ನುತ್ತಾರಲ್ಲ, ಅದಕ್ಕೆ ಹತ್ತಿರದ್ದು. ಹೀಗೆ ನುಡಿಸುವವರ ಮನಸ್ಸಿನೊಳಗೆ ಏನು ನಡೆಯುತ್ತದೆ? ಇದನ್ನು ವಿವರಿಸಲು ಅವರು ಜರ್ಮನಿಯ ಮನೋವೈದ್ಯ ಹೆಲ್ಮ್ ಸ್ಟೀರ್ಲಿನ್ ಅವರ ವಿಚಾರಗಳನ್ನು ಬಳಸಿಕೊಂಡರು. ಮನುಷ್ಯ ಸಂಬಂಧಗಳಲ್ಲಿ ಪರಸ್ಪರ ಎಳೆದಾಡುವ ಜೋಡಿಗಳಿವೆ: ಕ್ಷಣ ಮತ್ತು ಅವಧಿ, ಭೇದ ಮತ್ತು ಸಾಮ್ಯ, ತೃಪ್ತಿ ಮತ್ತು ಅತೃಪ್ತಿ, ಉತ್ತೇಜನ ಮತ್ತು ಸ್ಥಿರತೆ, ಸಾಮೀಪ್ಯ ಮತ್ತು ದೂರ. ಒಂದನ್ನು ಪೂರ್ತಿ ಬಿಟ್ಟು ಇನ್ನೊಂದನ್ನೇ ಹಿಡಿದರೆ ಸಂಬಂಧ ಕೆಡುತ್ತದೆ. ಸಂಗೀತವೂ ಹಾಗೆಯೇ. ಕೇಳುಗ ಬಯಸಿದ ಸ್ವರವನ್ನು ತಕ್ಷಣ ಕೊಟ್ಟರೆ ಬೇಸರ, ಕೊಡದೇ ಹೋದರೆ ನಿರಾಸೆ. ಎಷ್ಟು ಹೊತ್ತು ಕಾಯಿಸಬೇಕು ಎಂಬುದರಲ್ಲಿ ಕಲೆ ಅಡಗಿದೆ.

ಪಿಯಾನೊದ ಮಿತಿ

ಇಲ್ಲಿ ಸ್ವಲ್ಪ ಭೌತಶಾಸ್ತ್ರವನ್ನೂ ನೋಡಬೇಕು. ಇಂದಿನ ಪಿಯಾನೊದಲ್ಲಿ 88 ಮನೆಗಳು, ಇನ್ನೂರಕ್ಕೂ ಹೆಚ್ಚು ಉಕ್ಕಿನ ತಂತಿಗಳು ಇರುತ್ತವೆ. ಮನೆಯನ್ನು ಒತ್ತಿದಾಗ ಉಣ್ಣೆಯ ಮೆತ್ತೆ ಸುತ್ತಿದ ಪುಟ್ಟ ಸುತ್ತಿಗೆಯೊಂದು ತಂತಿಗೆ ಬಡಿದು ಕೂಡಲೇ ಹಿಂದೆ ಸರಿಯುತ್ತದೆ. ಅಲ್ಲಿಂದ ಮುಂದೆ ಆ ಸ್ವರವನ್ನು ಏರಿಸುವ ಶಕ್ತಿ ವಾದಕನ ಬೆರಳಿಗಿಲ್ಲ. ಪಿಟೀಲಿನವರು ಕಮಾನಿನಿಂದ, ಕೊಳಲಿನವರು ಉಸಿರಿನಿಂದ ನಾದವನ್ನು ಬೆಳೆಸಬಲ್ಲರು. ಪಿಯಾನೊದ ನಾದ ಹುಟ್ಟಿದ ಗಳಿಗೆಯಿಂದಲೇ ಕುಂದತೊಡಗುತ್ತದೆ, ಮೊದಲು ಬೇಗ, ಆಮೇಲೆ ನಿಧಾನವಾಗಿ. ಮಂದ್ರದ ತಂತಿಗಳು ಹೆಚ್ಚು ಹೊತ್ತು ಮಿಡಿಯುತ್ತವೆ, ತಾರದವು ಬೇಗ ಅಡಗುತ್ತವೆ.

ವೇಗವಾಗಿ ನುಡಿಸಿದಾಗ ಈ ಮಿತಿ ಮರೆಯಾಗುತ್ತದೆ, ಏಕೆಂದರೆ ಒಂದು ಸ್ವರ ಅಡಗುವ ಮೊದಲೇ ಮತ್ತೊಂದು ಬಂದಿರುತ್ತದೆ. ನಿಧಾನವಾಗಿ ನುಡಿಸುವವರಿಗೆ ಈ ಅನುಕೂಲವಿಲ್ಲ. ಪ್ರತಿ ಸ್ವರದ ಹುಟ್ಟು, ಬಾಳು, ಅಳಿವು ಕೇಳುಗರಿಗೆ ಬಯಲಾಗುತ್ತದೆ. ಜೊತೆಗೆ, ಎರಡು ಪೆಟ್ಟುಗಳ ನಡುವಣ ಅಂತರ ಹೆಚ್ಚಿದಷ್ಟೂ ಕಾಲದ ಅಂದಾಜು ತಪ್ಪುವ ಸಂಭವವೂ ಹೆಚ್ಚು. ಆದ್ದರಿಂದ ವಿಳಂಬ ನಡೆ ಸುಲಭ ಎಂಬ ಭಾವನೆ ತಪ್ಪು. ಗುಸ್ತಾವ್ಸನ್ ಆರಿಸಿಕೊಂಡದ್ದು ಕಷ್ಟದ ದಾರಿಯನ್ನೇ.

ಮೂವರ ಸಂವಾದ

ಪ್ರಸಿದ್ಧಿ ಒಂದೇ ದಿನದಲ್ಲಿ ಬರಲಿಲ್ಲ. ಕೆಲವು ವರ್ಷ ಅವರು ಗಾಯಕಿ ಸಿಲ್ಯೆ ನೆರ್ಗಾರ್ಡ್ ಅವರಿಗೆ ಪಕ್ಕವಾದ್ಯ ನುಡಿಸಿದರು. ಬೇಸ್ ವಾದಕ ಹರಾಲ್ಡ್ ಯೋನ್ಸನ್, ಡ್ರಮ್ ವಾದಕ ಯಾರ್ಲೆ ವೆಸ್ಪೆಸ್ಟಾಡ್ ಅದೇ ತಂಡದಲ್ಲಿದ್ದರು. ಈ ಮೂವರ ಮೊದಲ ಮುದ್ರಿಕೆ 'ಚೇಂಜಿಂಗ್ ಪ್ಲೇಸಸ್' 2003ರಲ್ಲಿ ಹೊರಬಂದಿತು. ಹೊರತಂದದ್ದು ಮ್ಯಾನ್‌ಫ್ರೆಡ್ ಐಕರ್ 1969ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಸ್ಥಾಪಿಸಿದ ಇಸಿಎಂ ಸಂಸ್ಥೆ. ಆಗ ಗುಸ್ತಾವ್ಸನ್‌ಗೆ ಮೂವತ್ತು ದಾಟಿತ್ತು.

ವೆಸ್ಪೆಸ್ಟಾಡ್ ಅವರದೊಂದು ವಿಶೇಷವಿದೆ. ಮಿಂಚಿನ ವೇಗದ ಬಾಲ್ಕನ್ ಲಯಗಳಿಗೆ ಹೆಸರಾದ 'ಫಾರ್ಮರ್ಸ್ ಮಾರ್ಕೆಟ್' ತಂಡದ ಡ್ರಮ್ ವಾದಕರೂ ಅವರೇ. ಅಷ್ಟು ವೇಗ ಬಲ್ಲವರು ಇಲ್ಲಿ ಪಿಸುಮಾತಿನಂತೆ ನುಡಿಸುತ್ತಾರೆ. ಬಲ್ಲುದನ್ನೆಲ್ಲ ತೋರಿಸಬೇಕಿಲ್ಲ ಎಂಬುದು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆಯುವವರಿಗೂ ಅನ್ವಯಿಸುವ ಮಾತು.

2007ರ 'ಬೀಯಿಂಗ್ ದೇರ್' ಮುದ್ರಿಕೆಯೊಂದಿಗೆ ಆ ಮೂವರ ಅಧ್ಯಾಯ ಮುಗಿಯಿತು. ಯೋನ್ಸನ್ 2011ರಲ್ಲಿ, ನಲವತ್ತೊಂದರ ವಯಸ್ಸಿನಲ್ಲೇ ತೀರಿಕೊಂಡರು. ಅಷ್ಟರಲ್ಲಿ ಗುಸ್ತಾವ್ಸನ್ ಗಾಯಕಿ ಮತ್ತು ಸ್ಯಾಕ್ಸೊಫೋನ್ ವಾದಕರನ್ನು ಸೇರಿಸಿಕೊಂಡು ದೊಡ್ಡ ಮೇಳ ಕಟ್ಟಿದ್ದರು. ಅದರ 'ರಿಸ್ಟೋರ್ಡ್, ರಿಟರ್ನ್ಡ್' ಮುದ್ರಿಕೆಗೆ ನಾರ್ವೆಯ ಪ್ರತಿಷ್ಠಿತ ಸ್ಪೆಲ್ಲೆಮನ್ ಪ್ರಶಸ್ತಿಯೂ ಸಂದಿತು. 2016ರ 'ವಾಟ್ ವಾಸ್ ಸೆಡ್'ನಲ್ಲಿ ಬಾಲ್ಯದ ನಾರ್ವೇಜಿಯನ್ ಪ್ರಾರ್ಥನಾ ಗೀತೆಗಳಿಗೇ ಮರಳಿದರು. ಆದರೆ ಅವನ್ನು ಹಾಡಿಸಿದ್ದು ಅಫ್ಘಾನಿಸ್ತಾನದ ಪಷ್ತೂ ಭಾಷೆಯಲ್ಲಿ! ಹಾಡಿದವರು ಅಫ್ಘಾನ್ ಮೂಲದ ಜರ್ಮನ್ ಗಾಯಕಿ ಸಿಮಿನ್ ಟಾಂಡರ್. ಮುಂದೆ ಮತ್ತೆ ಮೂವರ ತಂಡ ಕಟ್ಟಿದರು. 2024ರ 'ಸೀಯಿಂಗ್'ನಲ್ಲಿ ಅವರ ಸ್ವಂತ ರಚನೆಗಳ ಜೊತೆ ಬಾಖ್‌ನ ಸಂಗೀತವೂ ಇದೆ.

ಪೋಷಕರಿಗೆ ಒಂದು ಮಾತು

ಇದರಿಂದ ಓದು ಬಿಟ್ಟು ಸಂಗೀತಕ್ಕೆ ಹೋಗಬೇಕು ಎಂಬ ಅರ್ಥ ಬರುವುದಿಲ್ಲ. ಗುಸ್ತಾವ್ಸನ್ ಓದನ್ನು ಬಿಡಲಿಲ್ಲ, ಸಂಗೀತವನ್ನೂ ಬಿಡಲಿಲ್ಲ. ಪಿಯುಸಿಯಲ್ಲಿ ಆರಿಸಿದ ವಿಷಯವೇ ಇಡೀ ಬದುಕಿನ ಹಣೆಬರಹ ಎಂದು ಹೆದರುವ ಮಕ್ಕಳು ಬಹಳ. ಹದಿನೇಳರಲ್ಲಿ ಓದಿದ್ದು ಮೂವತ್ತರಲ್ಲಿ ಬೇರೆ ರೂಪದಲ್ಲಿ ಕೈಹಿಡಿಯಬಹುದು ಎಂದು ಅವರಿಗೆ ಹೇಳುವವರು ಕಡಿಮೆ. ಹಾಗೆ ಕೈಹಿಡಿಯಬೇಕಾದರೆ ಓದಿದ್ದನ್ನು ಮನಸ್ಸಿಟ್ಟು ಓದಿರಬೇಕು, ಮೆಚ್ಚಿದ್ದನ್ನು ಬಿಡುವಿನಲ್ಲಾದರೂ ಅಭ್ಯಾಸ ಮಾಡುತ್ತಿರಬೇಕು.

ಕೊನೆಯಲ್ಲಿ ಒಂದು ಸಣ್ಣ ಪ್ರಯೋಗ. ಮನೆಯಲ್ಲಿ ತಂಬೂರಿ, ವೀಣೆ, ಗಿಟಾರ್ ಯಾವುದಿದ್ದರೂ ಆಗಬಹುದು, ಏನೂ ಇಲ್ಲದಿದ್ದರೆ ದೇವರ ಕೋಣೆಯ ಗಂಟೆ ಸಾಕು. ಒಮ್ಮೆ ಮಾತ್ರ ನುಡಿಸಿ, ಗಡಿಯಾರ ನೋಡುತ್ತಾ ನಾದ ಪೂರ್ತಿ ಅಡಗುವವರೆಗೆ ಕೇಳಿ. ಇದನ್ನೇ ಮೂರು ಸಲ ಮಾಡಿ, ಸೆಕೆಂಡುಗಳನ್ನು ಬರೆದಿಡಿ. ಮೂರನೆಯ ಸಲ ನಾದ ಹೆಚ್ಚು ಹೊತ್ತು ಕೇಳಿಸಿದರೆ ಅಚ್ಚರಿಪಡಬೇಕಿಲ್ಲ. ಗಂಟೆ ಅದೇ, ಪಳಗಿದ್ದು ಕಿವಿ.