ಸಹಿ ಹಾಕದಿರುವ ಅಧಿಕಾರ

ಕಳೆದ ತಿಂಗಳು ಸುರತ್ಕಲ್ಲಿನಿಂದ ತಂಗಿಯ ಮಗ ಕರೆ ಮಾಡಿದ್ದ. ರಾಸಾಯನಿಕ ಕಾರ್ಖಾನೆಯೊಂದರಲ್ಲಿ ಹತ್ತು ವರ್ಷ ದುಡಿದವನು. ಈಗ ನಾನಿರುವ ಸೌದಿ ಅರೇಬಿಯಾದ ಜುಬೈಲ್‌ನಲ್ಲಿ ಯುಟಿಲಿಟಿ ಘಟಕದ ಶಿಫ್ಟ್ ಸೂಪರ್‌ವೈಸರ್ ಹುದ್ದೆ ಒದಗಿಬಂದಿದೆ. "ಮಾವ, ಸಂಬಳ ಅಡ್ಡಿಯಿಲ್ಲ, ವಸತಿ ಉಂಟು, ವರ್ಷಕ್ಕೊಮ್ಮೆ ಟಿಕೆಟ್ ಉಂಟು. ಬರಲಾ?" ಎಂದ. "ಪರ್ಮಿಟ್‌ಗೆ ಸಹಿ ಹಾಕುವುದಿಲ್ಲ ಎನ್ನುವ ಅಧಿಕಾರ ಉಂಟಾ?" ಎಂದು ಕೇಳಿದೆ. ಅವನು ನಕ್ಕುಬಿಟ್ಟ.

ನಾನು ನಗುವ ಸ್ಥಿತಿಯಲ್ಲಿರಲಿಲ್ಲ. ಹಬೆ, ತಂಪುನೀರು, ನೈಟ್ರೋಜನ್, ಒತ್ತಿದ ಗಾಳಿ ಇವುಗಳನ್ನು ಒದಗಿಸುವ ಘಟಕವು ಕಾರ್ಖಾನೆಗೆ ಹೃದಯ, ಶ್ವಾಸಕೋಶಗಳಿದ್ದಂತೆ, ಅದು ನಿಲ್ಲುವಂತಿಲ್ಲ. ಆದ್ದರಿಂದಲೇ ಅಲ್ಲಿ ಹನ್ನೆರಡು ಗಂಟೆಗಳ ಪಾಳಿ, ಆದ್ದರಿಂದಲೇ ಅವಸರ.

ಕೆಲವು ವರ್ಷಗಳ ಹಿಂದೆ ನಸುಕಿನ ಮೂರು ಗಂಟೆಗೆ ನಮ್ಮ ಕರಾವಳಿಯವರೇ ಆದ ಸೂಪರ್‌ವೈಸರ್ ಒಬ್ಬರನ್ನು ಆಸ್ಪತ್ರೆಗೆ ತಂದರು. ತ್ಯಾಜ್ಯನೀರಿನ ಗುಂಡಿಯಲ್ಲಿ ಕುಸಿದ ಕೆಲಸಗಾರನನ್ನು ಎತ್ತಲು ತಾವೇ ಇಳಿದಿದ್ದರು. ಮೊದಲು ಕೊಳೆತ ಮೊಟ್ಟೆಯ ವಾಸನೆ ಬಂತಂತೆ, ಬಳಿಕ ವಾಸನೆ ಹೋಯಿತಂತೆ. ಅನಿಲವೇ ಹೋಯಿತೆಂದು ಅವರು ಭಾವಿಸಿದರು. ಹೈಡ್ರೋಜನ್ ಸಲ್ಫೈಡಿನ ಮೋಸವೇ ಅದು. ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಅದು ನೂರರಷ್ಟಾದರೆ ಮೂಗು ಮರಗಟ್ಟುತ್ತದೆ. ಇನ್ನೂ ಹೆಚ್ಚಿದರೆ ಕೆಲವೇ ಉಸಿರುಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಗಾಳಿಗಿಂತ ಭಾರವಾದ್ದರಿಂದ ತಗ್ಗಿನಲ್ಲಿ ಮಡುಗಟ್ಟುತ್ತದೆ. ರಕ್ಷಿಸಲು ಇಳಿದವರನ್ನೂ ಬಲಿ ತೆಗೆದುಕೊಳ್ಳುವ ವಿಷವದು.

ಅವರು ಬದುಕಿದರು, ಕೆಲಸಗಾರ ಬದುಕಲಿಲ್ಲ. ಅನಿಲಪರೀಕ್ಷೆ ಹಿಂದಿನ ಪಾಳಿಯಲ್ಲಿ ನಡೆದದ್ದು. ಮರುಪರೀಕ್ಷೆಗೆ ಕಾಯದೆ ಬೆಳಗಾಗುವುದರೊಳಗೆ ಮುಗಿಸಿರೆಂದು ಮೇಲಿನವರು ಫೋನಿನಲ್ಲಿ ಹೇಳಿದ್ದರು. ಕಾಗದದಲ್ಲಿ ಆ ಫೋನಿನ ಸುಳಿವಿಲ್ಲ. "ಸಹಿ ನನ್ನದೇ ಡಾಕ್ಟ್ರೇ" ಎಂದಷ್ಟೇ ಹೇಳುತ್ತಿದ್ದರು.

ದೂರುವುದು ಸುಲಭ, ಆದರೆ ನಾನೂ ಸಹಿ ಹಾಕುವವನೇ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದ ಒಬ್ಬರು ಊರಿನ ಮನೆಸಾಲವನ್ನು ನೆನೆದು ಅತ್ತಾಗ, ರಾತ್ರಿಪಾಳಿಗೆ ಯೋಗ್ಯರೆಂದು ಬರೆದುಕೊಟ್ಟಿದ್ದೇನೆ. ಅವರಿಗೆ ಅನಾಹುತವೇನೂ ಆಗಲಿಲ್ಲ; ಅದು ನನ್ನ ವೈದ್ಯಕೀಯದ ಹಿರಿಮೆಯಲ್ಲ.

ಇಲ್ಲಿ ಕಾನೂನಿಲ್ಲವೆಂದಲ್ಲ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12ರಿಂದ 3ರವರೆಗೆ ಬಿಸಿಲಿನಲ್ಲಿ ದುಡಿಸುವುದಕ್ಕೆ ನಿಷೇಧವಿದೆ. ಆದರೆ ನಸುಕಿನ ಆ ಫೋನಿಗೆ 'ಆಗದು' ಎನ್ನಬೇಕಾದವನು ಸೂಪರ್‌ವೈಸರನೇ. ಸಾಲ ಹೊತ್ತು ಬಂದವನಿಗೆ ಆ ಒಂದು ಮಾತು ಬಲು ದುಬಾರಿ. ಹೀಗಾಗಿ ಊರಿನವರಲ್ಲಿ ನನ್ನ ಕೋರಿಕೆ ಇಷ್ಟೆ: ಮಗ ಇಲ್ಲಿಗೆ ಹೊರಡುವ ಮೊದಲೇ ಎರಡನೆಯ ಮಹಡಿಯ ಅಂದಾಜುಪಟ್ಟಿ ಮಾಡಿಸಬೇಡಿ.

ಅಳಿಯ ಮೊನ್ನೆ ಮತ್ತೆ ಕರೆ ಮಾಡಿದ. ಏಜೆಂಟರಲ್ಲಿ ನನ್ನ ಪ್ರಶ್ನೆಯನ್ನು ಕೇಳಿದನಂತೆ. "ಅದೆಲ್ಲ ಸೇರಿದ ಮೇಲೆ ನೋಡಿಕೊಳ್ಳಿ" ಎಂದರಂತೆ. ಅವನು ಈ ಸಲ ನಗಲಿಲ್ಲ.