ಚಾನಲ್ ನೀರು, ಗರಡಿ ತಾಲೀಮು ಮತ್ತು ಐರನ್‌ಮ್ಯಾನ್

ಟ್ರಯಥ್ಲಾನ್ ಅಂದ್ರೆ ಬೆಂಗಳೂರಿನ ಐಟಿ ಮಂದಿಯ ಶೋಕಿ ಅನ್ನೋ ಮಾತು ಈಗೀಗ ಎಲ್ಲಾ ಕಡೆ ಕೇಳಿಬರ್ತಿದೆ. ನಾನೂ ಕೋಡ್ ಕುಟ್ಟಿ ಹೊಟ್ಟೆ ಹೊರೆಯುವವನೇ ಆದ್ದರಿಂದ ಈ ಬೈಗುಳದಲ್ಲಿ ನನ್ನ ಪಾಲೂ ಇದೆ :) ಆದ್ರೆ ಮಾತನ್ನ ಒಪ್ಪೋಕೆ ನಾನು ತಯಾರಿಲ್ಲ. ನಮ್ಮ ತ್ಯಾವಣಿಗೆಯಂಥ ಊರಲ್ಲೇ ಹತ್ತು ಜನ ಸೇರಿ ಇದರ ತಾಲೀಮು ಶುರು ಮಾಡಬೇಕು ಅನ್ನೋದು ನನ್ನ ವಾದ. ಯಾಕೆ ಅಂತ ಹೇಳ್ತೀನಿ, ಜಗಳ ಆಮೇಲೆ ಆಡೋಣ.

ಗೊತ್ತಿಲ್ಲದವರಿಗೆ ಲೆಕ್ಕ ಇಷ್ಟು. ಪೂರ್ತಿ ಐರನ್‌ಮ್ಯಾನ್ ಅಂದ್ರೆ 3.8 ಕಿ.ಮೀ. ಈಜು, ಅದು ಮುಗಿದ ಕೂಡಲೇ 180 ಕಿ.ಮೀ. ಸೈಕಲ್, ಅದರ ಮೇಲೆ 42.2 ಕಿ.ಮೀ. ಓಟ. ಸೈಕಲ್ ಭಾಗ ಒಂದೇ ತಗೊಂಡ್ರೂ ದಾವಣಗೆರೆಯಿಂದ ಹೊರಟವರು ತುಮಕೂರಿನ ಹತ್ತಿರ ಹತ್ತಿರ ಬರ್ತಾರೆ! ಎಲ್ಲಾ ಸೇರಿ ಸಾಮಾನ್ಯವಾಗಿ 17 ಗಂಟೆಯೊಳಗೆ ಮುಗಿಸಬೇಕು. ಇದರ ಅರ್ಧದ ಸ್ಪರ್ಧೆ ಗೋವಾದಲ್ಲಿ 2019ರಲ್ಲಿ ಶುರುವಾಯ್ತು. 2024ರಲ್ಲಿ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಅದನ್ನ ಮುಗಿಸಿದಾಗ ನಮ್ಮ ಕಡೆಯವರಿಗೂ ಈ ಹೆಸರು ಪರಿಚಯ ಆಯ್ತು. ಅವರ ರಾಜಕೀಯ ಏನೇ ಇರಲಿ, ಅದು ಬೇರೆ ಜಗಳ.

ಈಗ ಶೋಕಿ ವಿಚಾರ. ಲಕ್ಷಗಟ್ಟಲೆ ಸೈಕಲ್ಲು, ಕೈಯಲ್ಲೊಂದು ಗಡಿಯಾರ, ಅದಕ್ಕೊಂದು ಆಪ್, ಆಪ್‌ನೊಳಗೆ ಒಬ್ಬ ಕೋಚು... ಇಷ್ಟಿಲ್ಲದೆ ಕಾಲು ಕೀಳೋದೇ ಇಲ್ಲ ಅನ್ನೋವ್ರನ್ನ ನಾನೂ ನೋಡಿದ್ದೀನಿ. ಆದ್ರೆ ಈ ಆಟ ಹುಟ್ಟಿದ್ದು ಹಾಗಲ್ಲ. ಈಜುಗಾರ ಗಟ್ಟಿನೋ, ಓಟಗಾರ ಗಟ್ಟಿನೋ, ಸೈಕಲ್ ತುಳಿಯೋನು ಗಟ್ಟಿನೋ ಅನ್ನೋ ಹರಟೆಯಿಂದ ಹುಟ್ಟಿದ್ದು. ಅಮೆರಿಕದ ನೌಕಾಪಡೆಯ ಜಾನ್ ಕಾಲಿನ್ಸ್ "ಮೂರನ್ನೂ ಸೇರಿಸಿ ನೋಡೇ ಬಿಡೋಣ" ಅಂದರು. 1978ರ ಫೆಬ್ರವರಿಯಲ್ಲಿ ಹವಾಯಿಯಲ್ಲಿ ಹೊರಟವರು 15 ಜನ, ಮುಗಿಸಿದವರು 12 ಜನ. ಗೆದ್ದ ಗಾರ್ಡನ್ ಹಾಲರ್ ಹನ್ನೆರಡು ಗಂಟೆಯೊಳಗೆ ಮುಗಿಸಿದರು. ಎದೆಬಡಿತ ಎಣಿಸೋ ಗಡಿಯಾರ ಯಾರ ಕೈಯಲ್ಲಿತ್ತು ಸ್ವಾಮೀ?

"ಗುಂಪು ತರಬೇತಿ" ಅಂದ ತಕ್ಷಣ ಏನೋ ಪರದೇಶದ ಸರಕು ಬಂತು ಅಂತ ಮೂಗು ಮುರಿಯೋದೂ ಬೇಡ. ಗರಡಿ ಮನೆ ಮತ್ತೇನು? ದಾವಣಗೆರೆ ಸೀಮೆಯವರಿಗೆ ಕುಸ್ತಿ ಬಗ್ಗೆ ಬೇರೆ ಹೇಳಬೇಕಾ? ಒಂದೇ ಮಣ್ಣು, ಒಬ್ಬ ಉಸ್ತಾದ್, ಬೆಳಗಿನ ಜಾವ ಎಲ್ಲರೂ ಹಾಜರ್. ಇವತ್ತು ಬರದೇ ಇದ್ರೆ ನಾಳೆ ಹತ್ತು ಜನ ಕೇಳ್ತಾರೆ ಅನ್ನೋ ಅಂಜಿಕೆಯೇ ಅರ್ಧ ತಾಲೀಮು. ಒಂದು ವ್ಯತ್ಯಾಸ ಮಾತ್ರ ಆಗಲೇಬೇಕು. ಹಳೇ ಗರಡಿಯ ಬಾಗಿಲು ಹೆಣ್ಮಕ್ಕಳಿಗೆ ಮುಚ್ಚಿತ್ತು, ಹೊಸದು ಮೊದಲ ದಿನದಿಂದ್ಲೇ ತೆರೆದಿರಬೇಕು. ಸೈಕಲ್ ಬರಲ್ವಾ? 2006-07ರಿಂದ ಎಂಟನೇ ಕ್ಲಾಸಿನ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡ್ತಿತ್ತು, ಕೋವಿಡ್ ಕಾಲದಲ್ಲಿ ನಿಂತಿತು. ಹುಡುಕಿದ್ರೆ ಎಷ್ಟೋ ಮನೆಯ ಹಿತ್ತಲಲ್ಲಿ ಇನ್ನೂ ಸಿಕ್ಕಾವು. ಪಂಕ್ಚರ್ ಹಾಕಿಸಿ, ಎಣ್ಣೆ ಬಿಟ್ಟು ಹೊರಡಿ.

"ದಿನವಿಡೀ ಹೊಲದಲ್ಲಿ ದುಡಿಯೋನಿಗೆ ಓಟ ಯಾಕಪ್ಪಾ?" ಇದು ಎಲ್ಲಕ್ಕಿಂತ ಗಟ್ಟಿ ಪ್ರಶ್ನೆ, ಉತ್ತರ ಹೇಳದೆ ಜಾರೋ ಹಾಗಿಲ್ಲ. ನಾಟಿ ಮಾಡಿ ಸೊಂಟ ಬಿದ್ದುಹೋದ ಹೆಣ್ಮಗಳಿಗೆ, ಅಡಿಕೆ ಮೂಟೆ ಹೊತ್ತು ಬಂದವನಿಗೆ ನಾನು ಓಡಿ ಅಂತ ಹೇಳಲ್ಲ. ಅವರಿಗೆ ಬೇಕಿರೋದು ವಿಶ್ರಾಂತಿ. ಆದ್ರೆ ಊರಲ್ಲಿರೋರೆಲ್ಲಾ ಅವರೇನಾ? ಅಂಗಡಿ ಗಲ್ಲಾ ಮೇಲೆ ಕೂತವರು, ಮೇಷ್ಟ್ರು, ಬ್ಯಾಂಕಿನವರು, ಕಾಲೇಜು ಹುಡುಗರು, ನೂರು ಹೆಜ್ಜೆ ದೂರದ ಹೋಟ್ಲಿಗೂ ಬೈಕ್ ಕಿಕ್ ಹೊಡೆಯೋರು? ಸಕ್ಕರೆ ಕಾಯಿಲೆ ಬೆಂಗಳೂರಿಗೆ ಮಾತ್ರ ಬರುತ್ತೆ ಅಂತ ಯಾರು ಹೇಳಿದ್ದು?

ಇಷ್ಟೆಲ್ಲಾ ಹೇಳಿದ ಮೇಲೆ ಅಸಲು ವಿಷಯಕ್ಕೆ ಬರ್ತೀನಿ: ಈಜು.

ಭದ್ರಾ ಚಾನಲ್ ನಮ್ಮ ಸೀಮೆಯ ಜೀವ. ಭತ್ತ, ತೋಟ ಎಲ್ಲಾ ಅದರಿಂದ್ಲೇ. ಇದೇ ಚನ್ನಗಿರಿ ತಾಲೂಕಿನಲ್ಲಿ ಸೂಳೆಕೆರೆ, ಅಂದ್ರೆ ಶಾಂತಿಸಾಗರ ಇದೆ. ಚಿತ್ರದುರ್ಗಕ್ಕೂ ಕುಡಿಯೋಕೆ ಅಲ್ಲಿಂದ್ಲೇ ನೀರು. ಇಷ್ಟು ನೀರಿನ ನಡುವೆ ಬದುಕೋ ಊರಲ್ಲಿ ಈಜು ಕಲಿಸೋಕೆ ಒಂದು ಜಾಗ ಇಲ್ಲ! ಈಜುಕೊಳ ಬೇಕಾ, ದಾವಣಗೆರೆ ಕಡೆ ಮುಖ ಮಾಡಿ. ಕರ್ನಾಟಕದ ಈಜು ಅಂದ್ರೆ ಬೆಂಗಳೂರಿನ ಈಜು. 2000ದ ಸಿಡ್ನಿ ಒಲಿಂಪಿಕ್ಸಿಗೆ ಹೋದ ನಿಶಾ ಮಿಲೆಟ್, 2024ರ ಪ್ಯಾರಿಸ್‌ಗೆ ಹೋದ ಶ್ರೀಹರಿ ನಟರಾಜ್, 14 ವರ್ಷದ ಧಿನಿಧಿ ದೇಸಿಂಘು... ಎಲ್ಲರೂ ಬೆಂಗಳೂರಿನ ಕೊಳಗಳಲ್ಲಿ ಬೆಳೆದವರು. ಅವರ ಬಗ್ಗೆ ಹೆಮ್ಮೆ ಇದೆ. ಆದ್ರೆ ಅಲ್ಲಿ ಈಜು ಬರದಿದ್ರೆ ಪದಕ ತಪ್ಪುತ್ತೆ, ಇಲ್ಲಿ ಈಜು ಬರದಿದ್ರೆ ಜೀವ ಹೋಗುತ್ತೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಲ್ಲಿ 2022 ಒಂದೇ ವರ್ಷ ದೇಶದಲ್ಲಿ ನೀರಲ್ಲಿ ಮುಳುಗಿ ಸತ್ತವರು 38 ಸಾವಿರಕ್ಕೂ ಹೆಚ್ಚು. ಶಾಲೆಗೆ ಹೋಗೋ ವಯಸ್ಸಿನ ಮಕ್ಕಳಿಗೆ ಈಜು ಮತ್ತು ನೀರಿನ ಎಚ್ಚರ ಕಲಿಸಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತಾನೇ ಇದೆ. ನಾವು ಕಲಿಸೋದು ಒಂದೇ ಪಾಠ: "ಚಾನಲ್ ಕಡೆ ಹೋಗ್ಬೇಡ." ಬೇಡ ಅಂದ ಕಡೆಗೇ ಹೋಗೋದು ಹುಡುಗರ ಧರ್ಮ!

"ಚಾನಲ್ಲಲ್ಲೇ ಕಲಿಸಿ ಬಿಡಿ" ಅನ್ನೋ ಧೀರರಿಗೆ ಒಂದು ಮಾತು. ಚಾನಲ್ ಈಜುಕೊಳ ಅಲ್ಲ. ಕಾಂಕ್ರೀಟ್ ಇಳಿಜಾರಿನ ಮೇಲೆ ಪಾಚಿ, ಹತ್ತೋಕೆ ಹಿಡಿತ ಸಿಗಲ್ಲ. ಮೇಲೆ ಶಾಂತವಾಗಿ ಕಾಣೋ ನೀರು ತೂಬಿನ ಹತ್ತಿರ ಎಳೆಯುತ್ತೆ. ನೀರು ಬಿಡೋದು, ನಿಲ್ಲಿಸೋದು ನಮ್ಮ ತಾಲೀಮು ನೋಡ್ಕೊಂಡಲ್ಲ. ಚೆನ್ನಾಗಿ ಈಜು ಬರೋನಿಗೂ ಅದು ಜಾಗ ಅಲ್ಲ, ಕಲಿಯೋನಿಗಂತೂ ಅಲ್ವೇ ಅಲ್ಲ.

ಹಾಗಾಗಿ ನನ್ನ ಬೇಡಿಕೆ ಸರಳ. ಪ್ರತಿ ಹೋಬಳಿಗೊಂದು ಈಜುಕೊಳ. ಒಲಿಂಪಿಕ್ ಅಳತೆ ಬೇಡ, 25 ಮೀಟರ್ ಉದ್ದ, ಎದೆ ಮಟ್ಟದ ನೀರು, ತಿಳಿದವರೊಬ್ಬರು ದಡದಲ್ಲಿ. ಸಮುದಾಯ ಭವನಕ್ಕೆ, ಮಹಾದ್ವಾರಕ್ಕೆ, ಜಾತ್ರೆ ಪೆಂಡಾಲಿಗೆ ಹಣ ಹೊಂದಿಸೋ ನಾವು ಇದಕ್ಕೆ ಹೊಂದಿಸಲಾರೆವಾ? ಇಲ್ಲೇ ಗುಂಪಿನ ಉಪಯೋಗ. ಒಬ್ಬನೇ ಹೋಗಿ "ಈಜುಕೊಳ ಕಟ್ಸಿ" ಅಂದ್ರೆ ಹುಚ್ಚ ಅಂತಾರೆ. ಆರು ತಿಂಗಳು ದಿನಾ ಬೆಳಗ್ಗೆ ಊರಿನ ಕಣ್ಣೆದುರು ಓಡಿದ ಮೂವತ್ತು ಜನ ಪಂಚಾಯ್ತಿ ಮುಂದೆ ನಿಂತ್ರೆ ಕುರ್ಚಿ ಹಾಕಿ ಕೂರಿಸ್ತಾರೆ.

ಕೊಳ ಬರೋವರೆಗೆ? ಬೆಳಗ್ಗೆ ಐದೂವರೆಗೆ ಓಟ. ಅತಿ ನಿಧಾನದವರ ವೇಗವೇ ಗುಂಪಿನ ವೇಗ, ಮಾತಾಡ್ತಾ ಓಡೋಕೆ ಆಗ್ಬೇಕು. ಭಾನುವಾರ ಸೈಕಲ್. ರಸ್ತೆ ಮೇಲೆ ಮೆಕ್ಕೆಜೋಳ ಒಣಗಿಸೋ ಕಾಲದಲ್ಲಿ ಮಾತ್ರ ಹುಷಾರು, ಹಿಂದೆ ಲೈಟಿಲ್ಲದ ಕಬ್ಬಿನ ಟ್ರ್ಯಾಕ್ಟರ್ ಬಗ್ಗೆ ಯಾವಾಗಲೂ ಹುಷಾರು. ತಿಂಗಳಿಗೆರಡು ಸಲ ದಾವಣಗೆರೆಗೆ ಹೋಗಿ ಈಜು, ವಾಪಸ್ ಬರೋವಾಗ ಬೆಣ್ಣೆ ದೋಸೆ (ಇದನ್ನ ತರಬೇತಿಯ ಭಾಗ ಅಂತಲೇ ಇಟ್ಕೊಳ್ಳಿ). ಮೊದಲ ಗುರಿ ಐರನ್‌ಮ್ಯಾನ್ ಅಲ್ಲ. 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟದ ಸ್ಪ್ರಿಂಟ್ ಸಾಕು. ಉದ್ದದ್ದು ಆಮೇಲೆ, ವರ್ಷಗಳ ಕೆಲಸ ಅದು.

ಮೂವತ್ತು ಜನರಲ್ಲಿ ಇಬ್ಬರು ಗೋವಾ ಮುಟ್ಟಬಹುದು, ಯಾರೂ ಮುಟ್ಟದೇ ಇರಬಹುದು. ಊರಿನ ಮಕ್ಕಳಿಗೆ ಈಜು ಬಂದ್ರೆ ನನ್ನ ಪಾಲಿಗೆ ಅದೇ ಫಿನಿಶ್ ಲೈನ್.

ನಿಮ್ಮೂರಲ್ಲಿ ಮಕ್ಕಳು ಈಜು ಎಲ್ಲಿ ಕಲೀತಾರೆ? ಬರೀರಿ, ಬೈಯೋದಿದ್ರೂ ಬೈಯಿರಿ. ಆದ್ರೆ ಶೋಕಿ ಅಂತ ಮಾತ್ರ ಅನ್ಬೇಡಿ.